ಬಾಕಿ ಪುಸ್ತಕ: ಗಡಿನಾಡಿನ ಬ್ಯಾರಿ ಅಂಗಡಿಗಳ ಚರಿತ್ರೆ

ತುಳುನಾಡಿನ ನಕಾಶೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಮಂಗಳೂರಿನ ಉತ್ತರಕ್ಕೆ ಹಳೆಯಂಗಡಿ, ಘಟ್ಟದ ಬುಡದಲ್ಲಿ ಬೆಳ್ತಂಗಡಿ, ನೇತ್ರಾವತಿ ಮತ್ತು ಕುಮಾರಧಾರಾ ಕೂಡುವಲ್ಲಿ ಉಪ್ಪಿನಂಗಡಿ, ಇತ್ತ ತಲಪಾಡಿಯ ಗಡಿ ದಾಟಿದರೆ ಮಂಜೇಶ್ವರದ ಹೊಸಂಗಡಿ. ಊರು ಮೊದಲು, ಅಂಗಡಿ ಆಮೇಲೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ಹೆಸರುಗಳು ಬೇರೆಯೇ ಹೇಳುತ್ತವೆ. ದಾರಿ ಕವಲೊಡೆಯುವಲ್ಲಿ, ದೋಣಿ ನಿಲ್ಲುವಲ್ಲಿ ಯಾರೋ ಒಬ್ಬರು ಅಂಗಡಿ ಇಟ್ಟರು. ಜನ ಅಲ್ಲಿಗೆ ಬಂದರು, ಆಮೇಲೆ ಅದೊಂದು ಊರಾಯಿತು. ವರ್ಕಾಡಿಯ ಸುಂಕದಕಟ್ಟೆಯ ಹೆಸರಿನಲ್ಲಂತೂ ಹಿಂದಿನ ಕಾಲದ ತೆರಿಗೆಯ ನೆನಪೇ ಉಳಿದುಕೊಂಡಿದೆ.

ನಮ್ಮ ಸಮುದಾಯದ ಹೆಸರೂ ಹಾಗೆಯೇ. ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ. ಬ್ಯಾರಿ ಎಂಬ ಹೆಸರು ಅದರಿಂದಲೇ ಬಂತು ಎನ್ನುವುದು ಹೆಚ್ಚಿನವರು ಒಪ್ಪುವ ಮಾತು. ನಮ್ಮ ಭಾಷೆಗೆ ನೆರೆಹೊರೆಯವರು ಇಟ್ಟ ಅಡ್ಡಹೆಸರು ‘ನಕ್ಕ್-ನಿಕ್ಕ್’, ಅಂದರೆ ‘ನನಗೆ-ನಿನಗೆ’. ತಮಾಷೆಗೆ ಇಟ್ಟ ಹೆಸರಾದರೂ ಇದಕ್ಕಿಂತ ಒಳ್ಳೆಯ ವ್ಯಾಪಾರದ ವ್ಯಾಖ್ಯಾನ ಸಿಗುವುದು ಕಷ್ಟ. ನನಗೆಷ್ಟು, ನಿನಗೆಷ್ಟು ಎಂದು ಬರೆದಿಡುವುದೇ ತಾನೇ ಲೆಕ್ಕ? ಈ ಬರಹ ಆ ಲೆಕ್ಕದ ಕುರಿತು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಮಸಿ ಮತ್ತು ತೆಂಗಿನೆಣ್ಣೆಯ ಕಲೆ ಹತ್ತಿಕೊಂಡು ಬಿದ್ದಿರುತ್ತಿದ್ದ ಬಾಕಿ ಪುಸ್ತಕದ ಕುರಿತು.

ವ್ಯಾಪಾರದ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಬಂದರಿನಿಂದ ಶುರುಮಾಡುತ್ತೇವೆ. ಅದು ತಪ್ಪಲ್ಲ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದರೆಂದೂ, ಫಾರಸ್ ಮತ್ತು ಯಮನಿನ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ, ಕಾಳುಮೆಣಸು ಮತ್ತು ಶುಂಠಿ ಹೇರಳವಾಗಿತ್ತೆಂದೂ ಬರೆದ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಕುಂಬಳೆಯ ಬಗ್ಗೆ ಹೇಳುವುದು ಇನ್ನೂ ಕುತೂಹಲಕಾರಿ. ಅಲ್ಲಿಂದ ಹೋಗುತ್ತಿದ್ದುದು ಕಪ್ಪಗಿನ, ಕೀಳು ದರ್ಜೆಯ ಅಕ್ಕಿ. ಅದು ಮಾಲ್ಡೀವ್ಸ್ ದ್ವೀಪಗಳಿಗೆ ಹೋಗಿ, ಬದಲಿಗೆ ತೆಂಗಿನ ನಾರಿನ ಹುರಿ ಬರುತ್ತಿತ್ತು. ಅರಸರಿಗೆ ಮೆಣಸು, ಬಡವರಿಗೆ ಅಕ್ಕಿ ಎಂಬ ಎರಡು ವ್ಯಾಪಾರಗಳು ಆಗಲೇ ಇದ್ದವು. ಪುಸ್ತಕಗಳಲ್ಲಿ ಮೆಣಸಿನದು ಉಳಿಯಿತು. ನಮ್ಮ ಅಂಗಡಿಗಳು ಹುಟ್ಟಿದ್ದು ಅಕ್ಕಿಯದರಿಂದ.

ಈ ಅಕ್ಕಿ-ಹುರಿಯ ನಂಟು ಬಹಳ ಕಾಲ ನಡೆಯಿತು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷ್ ಸರಕಾರ ಅಲ್ಲಿಯ ಹುರಿಯನ್ನು ತಾನೇ ಕೊಂಡು, ಮಂಗಳೂರಿನಲ್ಲಿ ಅದರ ಬೆಲೆಯನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿತ್ತು. ದುಡ್ಡಿಲ್ಲದೆ ನಡೆಯುವ ವ್ಯಾಪಾರ ಹೇಗಿರುತ್ತದೆ ಎಂಬುದು ಕರಾವಳಿಗೆ ಹೊಸದಾಗಿರಲಿಲ್ಲ.

ಬಂದರಿನಿಂದ ಒಳನಾಡಿಗೆ ಸರಕು ಹೋಗುತ್ತಿದ್ದುದು ತಲೆಯ ಮೇಲೆ. ಉಪ್ಪು, ಒಣಮೀನು, ಹೊಗೆಸೊಪ್ಪು, ಬಟ್ಟೆ ಹೊತ್ತ ಬ್ಯಾರಿಗಳು ಗುಡ್ಡ ಹತ್ತಿ ಇಳಿದು ಮನೆಮನೆಗೆ ಹೋಗುತ್ತಿದ್ದರು. ಬರುವಾಗ ಮೆಣಸು, ಅಡಿಕೆ, ಕೋಳಿ, ಮೊಟ್ಟೆ ತರುತ್ತಿದ್ದರು. ನಮ್ಮ ಕಡೆಯ ಹೊಳೆಗಳೆಲ್ಲ ಮೂಡಣದಿಂದ ಪಡುವಣಕ್ಕೆ ಹರಿಯುತ್ತವೆ. ಉಪ್ಪಳ ಹೊಳೆ, ಶಿರಿಯ ಹೊಳೆ, ಮೊಗ್ರಾಲ್ ಹೊಳೆ, ಚಂದ್ರಗಿರಿ. ತೆಂಕು-ಬಡಗು ಹೋಗಲು ಇವೆಲ್ಲ ಅಡ್ಡ, ಸಮುದ್ರದಿಂದ ಗುಡ್ಡದ ಕಡೆ ಹೋಗಲು ಇವೇ ದಾರಿ. ತಲೆಹೊರೆಯ ವ್ಯಾಪಾರಿ ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದ. ‘ಈಗ ಇರಲಿ, ಕೊಯ್ಲು ಆದಮೇಲೆ ಕೊಡುತ್ತೇನೆ’ ಎಂಬ ಮಾತು ಅವನ ಕಾಲದ್ದೇ. ಅಂಗಡಿ ಬರುವ ಮೊದಲೇ ಬಾಕಿ ಬಂದಿತ್ತು. ಅದು ಪುಸ್ತಕದಲ್ಲಿ ಅಲ್ಲ, ತಲೆಯಲ್ಲಿ ಇತ್ತು ಅಷ್ಟೇ.

ಹೊರೆ ಕೆಳಗಿಳಿದು ಹಲಗೆ ಬಾಗಿಲಿನ ಅಂಗಡಿಯಾಗಲು ದೊಡ್ಡ ಸಹಾಯವಾದದ್ದು ರೈಲು. 1907ರಲ್ಲಿ ರೈಲುದಾರಿ ನೇತ್ರಾವತಿ ದಾಟಿ ಮಂಗಳೂರು ಮುಟ್ಟಿತು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳು ಸ್ಟೇಶನ್ ಇರುವ ಊರುಗಳಾದವು. ಬೆಳಿಗ್ಗೆ ‘ಮೈಕಾಲ’ಕ್ಕೆ ಹೋಗಿ ಬಂದರಿನಲ್ಲಿ ಸರಕು ಕೊಂಡು ಸಂಜೆಗೆ ಮರಳುವುದು ಸಾಧ್ಯವಾಯಿತು. ಸ್ಟೇಶನ್‌ನಿಂದ ಎತ್ತಿನ ಗಾಡಿಯಲ್ಲಿ, ಮುಂದೆ ಬಸ್ಸಿನ ಟಾಪಿನಲ್ಲಿ ಸರಕು ಬಾಯಾರು, ಪೆರ್ಲ, ಬದಿಯಡ್ಕದ ಕಡೆ ಹೋಯಿತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿ ಪರದೆ. ಇದು ನಮ್ಮಲ್ಲಿ ಎಷ್ಟೋ ಕುಟುಂಬಗಳ ಮೊದಲ ವಿಳಾಸ.

ಈಗ ಪುಸ್ತಕದ ವಿಷಯಕ್ಕೆ ಬರೋಣ. ಕೃಷಿಯನ್ನು ನಂಬಿದ ಊರಿನಲ್ಲಿ ದುಡ್ಡು ವರ್ಷವಿಡೀ ಇರುವುದಿಲ್ಲ. ಏಣೆಲು ಕೊಯ್ಲು, ಸುಗ್ಗಿ ಕೊಯ್ಲು ಆದಾಗ ಭತ್ತ, ಚಳಿಗಾಲದಲ್ಲಿ ಅಡಿಕೆ ಮತ್ತು ಮೆಣಸು, ಬೇಸಿಗೆಯಲ್ಲಿ ಗೇರುಬೀಜ. ಆಮೇಲೆ ಆಟಿಯ ಮಳೆ. ಕೂಲಿಯಿಲ್ಲ, ದೋಣಿ ಕಡಲಿಗಿಳಿಯುವುದಿಲ್ಲ, ಮನೆಯ ಅಕ್ಕಿಯ ಮುಡಿ ಮುಗಿದಿರುತ್ತದೆ. ಆ ಎರಡು-ಮೂರು ತಿಂಗಳು ಒಲೆ ಉರಿಯಬೇಕಾದರೆ ಊರಿನಲ್ಲಿ ಯಾರಾದರೂ ಕಾಯಲು ತಯಾರಿರಬೇಕು. ಕಾಯುವ ಕೆಲಸ ಅಂಗಡಿಯವನದ್ದು. ಒಂದು ಪಾವು ತೊಗರಿ, ಅರ್ಧ ಸೇರು ಬೆಲ್ಲ, ಎರಡು ಕಾಸಿನ ಹೊಗೆಸೊಪ್ಪು, ಎಲ್ಲವೂ ಪುಸ್ತಕಕ್ಕೆ ಹೋಗುತ್ತಿತ್ತು. ಸಾಲು ಹೊಡೆದು ಹಾಕುತ್ತಿದ್ದುದು ಅಡಿಕೆ ಅಂಗಡಿಗೆ ಬಂದ ದಿನ.

ಅಂಗಡಿಯವನು ಸಾಮಾನು ಮಾರುತ್ತಿದ್ದ, ಅದರ ಜೊತೆಗೆ ಊರಿನ ಬೆಳೆಯನ್ನು ಕೊಳ್ಳುತ್ತಲೂ ಇದ್ದ. ಮಕ್ಕಳು ಚಡ್ಡಿ ಜೇಬಿನಲ್ಲಿ ತಂದ ಗೇರುಬೀಜಕ್ಕೆ ಮಿಠಾಯಿ, ಹೆಂಗಸರು ತಂದ ಮೊಟ್ಟೆಗೆ ಸೀಮೆಎಣ್ಣೆ. ಮುಂದೆ ಬೀಡಿ ಬಂದಾಗ ಈ ಲೆಕ್ಕ ಇನ್ನೊಂದು ರೂಪ ತಾಳಿತು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಮಜೂರಿ ವಾರಕ್ಕೊಮ್ಮೆ ಬರುತ್ತಿತ್ತು. ವರ್ಷದ ಬಾಕಿ ವಾರದ ಬಾಕಿಯಾಯಿತು. ಗಂಡಸಿನ ಹೆಸರಿನಲ್ಲಿದ್ದ ಲೆಕ್ಕ ನಿಧಾನವಾಗಿ ಹೆಂಗಸಿನ ಹೆಸರಿಗೆ ಬಂತು. ಹಳೆಯ ಪುಸ್ತಕದಲ್ಲಿ ಹೆಣ್ಣಿನ ಹೆಸರು ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ನೋಡಿದರೆ, ಆ ಊರಿಗೆ ಬೀಡಿ ಯಾವಾಗ ಬಂತು ಎಂದು ತಿಳಿಯಬಹುದು.

ಪರದೆಯ ಆಚೆಗಿನ ಮನೆಯ ಪಾಲೂ ಇದರಲ್ಲಿತ್ತು. ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಎರಡು ದಿನದಿಂದ ಅಕ್ಕಿಯಿಲ್ಲ ಎಂಬುದು ಉಮ್ಮನಿಗೆ ಮೊದಲು ಗೊತ್ತಾಗುತ್ತಿತ್ತು. ಯಾರಿಗೆ ಇನ್ನೂ ಬಾಕಿ ಕೊಡಬಹುದು ಎಂಬ ತೀರ್ಮಾನ ಗಲ್ಲಾದ ಮುಂದೆ ನಡೆಯುತ್ತಿತ್ತು ಎಂದು ಕಂಡರೂ, ಅದರ ಸುದ್ದಿ ಬರುತ್ತಿದ್ದುದು ಅಡುಗೆಮನೆಯಿಂದ. ಅಂಗಡಿಯ ಚರಿತ್ರೆ ಬರೆಯುವಾಗ ಅವರ ಹೆಸರು ಬಿಟ್ಟುಹೋಗುತ್ತದೆ. ಬಿಡಬಾರದು.

ಕಾನೂನಿನ ಕಣ್ಣಿನಲ್ಲಿ ಈ ಪುಸ್ತಕದ ಬೆಲೆ ಎಷ್ಟು? 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆಯ 34ನೇ ಕಲಮಿನ ಪ್ರಕಾರ ಕ್ರಮಬದ್ಧವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ಕೋರ್ಟು ನೋಡಬಹುದಿತ್ತು, ಆದರೆ ಅದೊಂದರಿಂದಲೇ ಯಾರ ಮೇಲೂ ಸಾಲ ಹೊರಿಸುವಂತಿರಲಿಲ್ಲ. ಅಂದರೆ ಗಿರಾಕಿ ‘ನಾನು ತೆಗೆದುಕೊಂಡಿಲ್ಲ’ ಎಂದರೆ ಪುಸ್ತಕ ಮಾತ್ರ ಸಾಕಾಗುತ್ತಿರಲಿಲ್ಲ. ಇಷ್ಟಿದ್ದೂ ಪೀಳಿಗೆಗಟ್ಟಲೆ ವ್ಯವಹಾರ ನಡೆಯಿತು, ಯಾಕೆಂದರೆ ಎರಡು ಕಡೆಯವರೂ ಆ ಬರವಣಿಗೆಯನ್ನು ನಂಬಿದ್ದರು. ಸಾಲವನ್ನು ಬರೆದಿಡಬೇಕು ಎನ್ನುವ ಅಲ್ ಬಖರಾದ 282ನೇ ಆಯತ್ ಕುರ್‌ಆನಿನ ಅತಿ ಉದ್ದದ ಆಯತ್ ಎಂಬುದು ನಮಗೆಲ್ಲ ಗೊತ್ತು. ಅಂಗಡಿಯ ಹಿರಿಯರಿಗೆ ಬರೆಯುವುದು ಬರೀ ವ್ಯಾಪಾರದ ಶಿಸ್ತಾಗಿರಲಿಲ್ಲ.

ಎಲ್ಲವೂ ಒಳ್ಳೆಯದಿತ್ತು ಎಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ. ಬಡ್ಡಿ ಹರಾಮ್, ನಿಜ. ಆದರೆ ನಗದಿಗೆ ಒಂದು ದರ, ಬಾಕಿಗೆ ಇನ್ನೊಂದು ದರ ಇಟ್ಟವರು ಇದ್ದರು. ಮಳೆಗಾಲದಲ್ಲಿ ಅಕ್ಕಿ ಕೊಟ್ಟು, ಇನ್ನೂ ಬಳ್ಳಿಯಲ್ಲಿದ್ದ ಮೆಣಸಿಗೆ ಆಗಲೇ ಕಡಿಮೆ ಬೆಲೆ ಕಟ್ಟಿದವರೂ ಇದ್ದರು. ಓದು ಬಾರದ ಗಿರಾಕಿಗೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಊರಿನ ಒಂದೇ ಅಂಗಡಿ ಊರಿನ ಒಂದೇ ಬ್ಯಾಂಕೂ ಆದಾಗ ಅದರ ಯಜಮಾನ ಒಳ್ಳೆಯವನೋ ಅಲ್ಲವೋ ಎಂಬುದರ ಮೇಲೆ ಬಹಳ ನಿಂತಿರುತ್ತದೆ. ಬ್ಯಾಂಕುಗಳು ದೂರವೇನೂ ಇರಲಿಲ್ಲ. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಬೆಳೆಯಿತು. ಆದರೆ ಕೂಲಿಯಾಳಿಗೆ ಒಂದು ಸೇರು ಅಕ್ಕಿಯ ಸಾಲ ಕೊಡುವ ಬ್ಯಾಂಕು ಎಲ್ಲೂ ಇರಲಿಲ್ಲ. ಆ ಕಡೆಯ ಬಾಗಿಲು ಅಂಗಡಿ ಮಾತ್ರ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಮಂಗಳೂರು ಮತ್ತು ಮಂಜೇಶ್ವರ ಒಂದೇ ಜಿಲ್ಲೆಯ ಎರಡು ಪೇಟೆಗಳಾಗಿದ್ದವು. ಭಾಷೆಯ ವಿಷಯದಲ್ಲಿ, ಶಾಲೆಯ ವಿಷಯದಲ್ಲಿ ಈ ಗಡಿ ಏನು ಮಾಡಿತು ಎಂಬುದರ ಬಗ್ಗೆ ಬಹಳ ಬರೆದಿದ್ದಾರೆ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದದ್ದೂ ತಿಳಿದದ್ದೇ. ಅಂಗಡಿಯ ಮಟ್ಟಿಗೆ ಗಡಿ ಎಂದರೆ ಒಂದು ಚೆಕ್‌ಪೋಸ್ಟು. ಮಾರಾಟ ತೆರಿಗೆ ಆಚೆ ಒಂದು, ಈಚೆ ಒಂದು. ಸರಕು ಕೊಳ್ಳುವ ಪೇಟೆ ಬೇರೆ ರಾಜ್ಯದಲ್ಲಿ, ಗಿರಾಕಿ ಈ ರಾಜ್ಯದಲ್ಲಿ. ಅದುವರೆಗೆ ಮನೆಗೆ ತರುವ ಸಾಮಾನಾಗಿದ್ದದ್ದು ಬಿಲ್ಲು ತೋರಿಸಬೇಕಾದ ಸರಕಾಯಿತು. ಅಕ್ಕಿಯದು ಇನ್ನೂ ಕಷ್ಟ. 1957ರಲ್ಲಿ ದಕ್ಷಿಣದ ರಾಜ್ಯಗಳನ್ನೆಲ್ಲ ಸೇರಿಸಿ ಮಾಡಿದ್ದ ಆಹಾರ ವಲಯ 1964ರಲ್ಲಿ ರದ್ದಾಗಿ, ಒಂದೊಂದು ರಾಜ್ಯವೂ ಒಂದೊಂದು ವಲಯವಾಯಿತು. ಶತಮಾನಗಳಿಂದ ತೆಂಕಿಗೆ ಹೋಗುತ್ತಿದ್ದ ಅಕ್ಕಿ ತಲಪಾಡಿಯಲ್ಲಿ ಒಂದೇ ಸಲಕ್ಕೆ ಕಳ್ಳಸಾಗಣೆಯಾಗಿಬಿಟ್ಟಿತು.

ಅದೇ ವರ್ಷಗಳಲ್ಲಿ ಅಂಗಡಿಯೊಳಗಿನ ಲೆಕ್ಕವೇ ಬದಲಾಯಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂತು. ನಾಲ್ಕಾಣೆಗೆ 25 ಪೈಸೆ ಸರಿಹೋಗುತ್ತದೆ. ಆದರೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂಬ ಸರಕಾರದ ಪಟ್ಟಿಯಲ್ಲಿ ಒಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವರಿಗೂ ಒಟ್ಟಿಗೆ ಕೊಂಡವರಿಗೂ ಒಂದು ಪೈಸೆಯ ವ್ಯತ್ಯಾಸ ಬರುತ್ತಿತ್ತು. ಆ ಒಂದು ಪೈಸೆ ಯಾರದ್ದು ಎಂಬ ಪ್ರಶ್ನೆ ದಿನಕ್ಕೆ ಎಷ್ಟು ಸಲ ಎದ್ದಿರಬಹುದು, ಊಹಿಸಿ. ಅದರ ಬೆನ್ನಿಗೇ ಸೇರು ಹೋಗಿ ಕಿಲೋ ಬಂತು. 80 ತೊಲದ ಸೇರು ಎಂದರೆ 933 ಗ್ರಾಂ, ಕಿಲೋಕ್ಕಿಂತ ಸ್ವಲ್ಪ ಕಡಿಮೆ. ಕಾನೂನು ಬದಲಾದರೂ ಬಾಯಿಮಾತಿನಲ್ಲಿ ಪಾವು, ಸೇರು, ನಾಲ್ಕಾಣೆ, ಎಂಟಾಣೆ ಉಳಿದವು. ಒಂದೇ ಪುಸ್ತಕದಲ್ಲಿ ಹೊಸ ಪೈಸೆ ಮತ್ತು ಹಳೆಯ ಸೇರು ಒಂದೇ ಸಾಲಿನಲ್ಲಿರುವುದು ಆ ಕಾಲದ ಗುರುತು.

ಗಡಿ ಕತ್ತರಿಸದ ಒಂದು ವಸ್ತು ಅಡಿಕೆ. ಬೆಳೆಯುವ ತೋಟ ಪೆರ್ಲದಲ್ಲಿದ್ದರೂ ಅಡ್ಯನಡ್ಕದಲ್ಲಿದ್ದರೂ ಮಾರುಕಟ್ಟೆ ಮಂಗಳೂರೇ. 1970ರ ಸುಮಾರಿಗೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಅದು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರ ಸಹಕಾರಿ ಸಂಸ್ಥೆ. ಬೆಳೆಗಾರರಿಗೆ ಇದು ಬಲ ಕೊಟ್ಟಿತು. ಅಡಿಕೆ ಕೊಂಡು ಬಾಕಿ ಮುರಿದುಕೊಳ್ಳುತ್ತಿದ್ದ ಅಂಗಡಿಗಳಿಗೆ ಎದುರಾಳಿಯೂ ಬಂದಹಾಗಾಯಿತು. ಅದರ ಮೊದಲೇ, 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿತ್ತು. ಕರ್ನಾಟಕದಲ್ಲಿ ಅದು 1974ರಲ್ಲಿ ಬಂತು. ಗೇಣಿದಾರ ಭೂಮಿಯ ಒಡೆಯನಾದ. ಅವನ ಕೈಯಲ್ಲಿ ಪಟ್ಟೆ ಇತ್ತು, ಸೊಸೈಟಿಯಲ್ಲಿ ಸಾಲ ಸಿಗುತ್ತಿತ್ತು. ಅಂಗಡಿಯ ಹಲಗೆಯ ಮುಂದೆ ತಲೆ ತಗ್ಗಿಸಿ ನಿಲ್ಲುವ ಅಗತ್ಯ ಕಡಿಮೆಯಾಯಿತು. ಬಾಕಿ ಪುಸ್ತಕ ತೆಳ್ಳಗಾದದ್ದರಲ್ಲಿ ದುಃಖ ಪಡುವುದಕ್ಕೆ ಮೊದಲು ಇದನ್ನೂ ನೆನೆಯಬೇಕು.

ಅಷ್ಟರಲ್ಲಿ ನಮ್ಮ ಹುಡುಗರು ಕಡಲು ದಾಟಲು ಶುರುಮಾಡಿದ್ದರು. 1973ರ ನಂತರ ಎಣ್ಣೆಯ ಬೆಲೆ ಏರಿ ಗಲ್ಫ್ ದೇಶಗಳು ಕೆಲಸಕ್ಕೆ ಜನ ಕರೆದವು. ಉಪ್ಪಳದಿಂದ, ಕುಂಬಳೆಯಿಂದ, ಕಾಸರಗೋಡಿನಿಂದ ಹೋದವರು ಅಲ್ಲಿ ಮಾಡಿದ ಕೆಲಸಗಳಲ್ಲಿ ಒಂದು ಮತ್ತೆ ಅಂಗಡಿಯೇ. ದುಬೈ, ಅಬುಧಾಬಿ, ಶಾರ್ಜಾಗಳ ಗಲ್ಲಿಗಳಲ್ಲಿ ‘ಬಕಾಲ’ ಎಂಬ ಸಣ್ಣ ದಿನಸಿ ಅಂಗಡಿ. ಅದರಲ್ಲೂ ಒಂದು ಪುಸ್ತಕ. ಈಜಿಪ್ಟಿನವ, ಫಿಲಿಪ್ಪೀನ್ಸಿನವಳು, ಪಾಕಿಸ್ತಾನದ ಡ್ರೈವರ್, ಎಲ್ಲರ ಲೆಕ್ಕವೂ ಫ್ಲ್ಯಾಟ್ ನಂಬರಿನ ಹೆಸರಿನಲ್ಲಿ. ತಿಂಗಳ ಸಂಬಳ ಬಂದಾಗ ಚುಕ್ತಾ. ಆಟಿಯ ಮಳೆಗೆ ಕಾಯುತ್ತಿದ್ದ ಅಜ್ಜನ ಬುದ್ಧಿಯನ್ನೇ ಮೊಮ್ಮಗ ಮರುಭೂಮಿಯಲ್ಲಿ ಬಳಸಿದ. ಬಕಾಲಗಳಿಗೆ ಹೊಸ ನಿಯಮ ಮಾಡಿದ ಅಬುಧಾಬಿ 2012ರ ಕೊನೆಯ ಗಡುವು ಕೊಟ್ಟಾಗ ಹಲವು ಅಂಗಡಿಗಳು ಬಾಗಿಲು ಹಾಕಿದವು. ಅದರ ಪೆಟ್ಟು ತಿಂದ ಮನೆಗಳು ನಮ್ಮಲ್ಲೂ ಇವೆ.

ಗಲ್ಫಿನ ದುಡ್ಡು ಊರಿನ ಅಂಗಡಿಯನ್ನು ಎರಡು ರೀತಿಯಲ್ಲಿ ಬದಲಾಯಿಸಿತು. ಹಂಚಿನ ಮಾಡು ಹೋಗಿ ಕಾಂಕ್ರೀಟು ಬಂತು, ಸೆಂಟು, ಟಾರ್ಚು, ಸೀರೆ ಮಾರುವ ಫ್ಯಾನ್ಸಿ ಅಂಗಡಿಗಳು ಬಂದವು. ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವಂಥದ್ದಲ್ಲ. ತಿಂಗಳಿಗೊಮ್ಮೆ ಡ್ರಾಫ್ಟ್ ಬರುವ ಮನೆಗೆ ಕೊಯ್ಲಿನವರೆಗೆ ಕಾಯುವ ಅಂಗಡಿ ಬೇಕಾಗಿರಲಿಲ್ಲ. ಬಾಕಿ ಬೇಕಾದವರು, ಬೇಡವಾದವರು ಎಂದು ಊರು ಎರಡಾಯಿತು. ಬೇಡವಾದವರು ಸೂಪರ್ ಮಾರ್ಕೆಟಿಗೆ ಹೋದರು. ಬೇಕಾದವರು ಉಳಿದರು. ನಗದು ಗಿರಾಕಿ ಹೋಗಿ ಬಾಕಿಯವರು ಮಾತ್ರ ಉಳಿದ ಅಂಗಡಿ ಹೆಚ್ಚು ದಿನ ನಡೆಯುವುದಿಲ್ಲ. ನಮ್ಮ ಎಷ್ಟೋ ಹಳೆಯ ಅಂಗಡಿಗಳು ಮುಚ್ಚಿದ್ದು ಹೀಗೆ, ಸದ್ದಿಲ್ಲದೆ.

ಕೊನೆಯ ಹತ್ತು ವರ್ಷಗಳ ಕಥೆ ಎಲ್ಲರಿಗೂ ಗೊತ್ತಿದೆ. 2016ರ ನೋಟು ರದ್ದತಿಯ ಆ ವಾರಗಳಲ್ಲಿ ಪುಸ್ತಕ ಮತ್ತೆ ಹೊರಬಂತು. ಯಾರ ಕೈಯಲ್ಲೂ ಚಿಲ್ಲರೆ ಇಲ್ಲದಾಗ ಬರೆದಿಟ್ಟುಕೊಳ್ಳುವುದೇ ದಾರಿಯಾಗಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ಗಡಿ ಅಳಿಸಿತು ಎಂದು ವ್ಯಾಪಾರಿಗಳು ಅಂದುಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಕೊರೋನಾಕ್ಕಾಗಿ ಕರ್ನಾಟಕ ದಾರಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದ ರೋಗಿಗಳ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸರಕಿಗೆ ಮೈಕಾಲವನ್ನೇ ನಂಬಿದ್ದ ಗಡಿಯೂರಿನ ಅಂಗಡಿಗಳಿಗೆ 1956ರ ಗೆರೆ ಎಂಥದ್ದು ಎಂದು ಆಗ ಮತ್ತೊಮ್ಮೆ ತಿಳಿಯಿತು. ಅದರ ನಂತರ ಬಂದದ್ದು ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ರಸ್ತೆಗಾಗಿ ರಸ್ತೆಬದಿಯ ಕಟ್ಟಡಗಳು ಹೋದವು. ರಸ್ತೆ ಬೇಕಿತ್ತು, ಪರಿಹಾರವೂ ಸಿಕ್ಕಿತು. ಆದರೆ ಕಟ್ಟಡ ಕೆಡವುವ ಮೊದಲು ಅಂಗಡಿ ಖಾಲಿ ಮಾಡುವಾಗ ತಕ್ಕಡಿ ಗುಜರಿಗೆ ಹೋಯಿತು, ಪುಸ್ತಕಗಳು ಬೆಂಕಿಗೆ ಹೋದವು.

ಈ ಕಾಗದಗಳು ಹೋದರೆ ಏನಾಯಿತು ಎಂದು ಕೇಳುವವರಿಗೆ ಒಂದು ಉತ್ತರವಿದೆ. 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿದ್ದ. ಅವನು ಅಡಿಕೆ, ಮೆಣಸು, ಕಂಚಿನ ಪಾತ್ರೆಗಳ ವ್ಯಾಪಾರ ಮಾಡಿದ್ದು, ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಏಡನ್‌ಗೆ ಹೋದದ್ದು ಇಂದು ನಮಗೆ ಗೊತ್ತು. ಅಮಿತಾವ್ ಘೋಷ್ ಅದರ ಬಗ್ಗೆ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇದೆಲ್ಲ ತಿಳಿದದ್ದು ಯಾವ ರಾಜನ ಶಾಸನದಿಂದಲೂ ಅಲ್ಲ. ಬರೆದ ಕಾಗದವನ್ನು ಎಸೆಯಬಾರದು ಎಂದು ಕೈರೋದ ಒಂದು ಸಿನೆಗಾಗ್ ತನ್ನ ಕೋಣೆಯೊಂದರಲ್ಲಿ ರಾಶಿ ಹಾಕಿತ್ತು. ಆ ರಾಶಿಯಲ್ಲಿ ಅವನ ಪತ್ರಗಳೂ ಲೆಕ್ಕದ ಚೀಟಿಗಳೂ ಉಳಿದವು. ಮಂಗಳೂರಿನ ವ್ಯಾಪಾರದ ಚರಿತ್ರೆಯ ಒಂದು ಅಧ್ಯಾಯ ಉಳಿದದ್ದು ಮಂಗಳೂರಿನಲ್ಲಲ್ಲ, ಕೈರೋದಲ್ಲಿ. ನಮ್ಮ ಹಿರಿಯರ ನೂರು ವರ್ಷದ ಲೆಕ್ಕಕ್ಕೆ ಅಂಥ ಕೋಣೆ ಎಲ್ಲಿದೆ? ಮನೆಯ ಅಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ.

ಇನ್ನೊಂದು ತೊಡಕಿದೆ, ಅದನ್ನು ಮರೆಮಾಚಬಾರದು. ಬಾಕಿ ಪುಸ್ತಕದಲ್ಲಿರುವುದು ನಮ್ಮ ಮನೆಯ ಚರಿತ್ರೆ ಮಾತ್ರವಲ್ಲ, ಇನ್ನೊಬ್ಬರ ಮನೆಯ ಬಡತನವೂ ಹೌದು. ಬಾಕಿಯನ್ನೆಲ್ಲ ಹಲಾಲ್ ಮಾಡಿ, ಇನ್ನು ಯಾರೂ ಇದನ್ನು ನೋಡದಿರಲಿ ಎಂದು ಪುಸ್ತಕ ಸುಟ್ಟ ಹಿರಿಯರ ಮನಸ್ಸು ದೊಡ್ಡದು. ಅವರ ಮೊಮ್ಮಕ್ಕಳು ಇಂದು ಡಾಕ್ಟರು, ಇಂಜಿನಿಯರು. ಇನ್ನೊಬ್ಬರ ಅಜ್ಜ ಎರಡು ಪಾವು ಅಕ್ಕಿಗೆ ಎಷ್ಟು ದಿನ ಬಾಕಿ ಇಟ್ಟಿದ್ದರು ಎಂದು ಊರಿಗೆ ಸಾರುವ ಹಕ್ಕು ನಮಗಿಲ್ಲ. ಆದರೆ ಸುಡುವುದು ಮತ್ತು ಸಾರುವುದು, ಇವೆರಡರ ನಡುವೆ ಮೂರನೆಯ ದಾರಿ ಇದೆ. ಪುಸ್ತಕ ಇಟ್ಟುಕೊಳ್ಳಿ, ಹೆಸರು ಮುಚ್ಚಿ. ಯಾವ ವರ್ಷ ಅಕ್ಕಿಯ ಬೆಲೆ ಎಷ್ಟು, ಸಾಬೂನು ಯಾವಾಗ ಬಂತು, ನೋಂಬಿನ ತಿಂಗಳಲ್ಲಿ ಏನು ಹೆಚ್ಚು ಹೋಗುತ್ತಿತ್ತು, ದೀಪಾವಳಿಗೆ ಏನು, ಯಾವ ಸಾಲು ಕನ್ನಡದಲ್ಲಿದೆ, ಯಾವುದು ಅರಬಿ-ಮಲಯಾಳಂ ಲಿಪಿಯಲ್ಲಿದೆ ಎಂದು ತಿಳಿಯಲು ಯಾರ ಹೆಸರೂ ಬೇಕಾಗಿಲ್ಲ.

ಮಾಡಬೇಕಾದದ್ದು ದೊಡ್ಡ ಕೆಲಸವೂ ಅಲ್ಲ. ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಗಿಡಿ. ಒಂದೊಂದು ಪುಟದ ಫೋಟೋ ತೆಗೆಯಿರಿ. ಅಂಗಡಿ ಎಲ್ಲಿತ್ತು, ಯಾರು ಬರೆಯುತ್ತಿದ್ದರು, ಯಾವಾಗ ಮುಚ್ಚಿತು ಎಂದು ಮೊದಲ ಪುಟದ ಜೊತೆ ಒಂದು ಚೀಟಿ ಇಡಿ. ಅಂಗಡಿಯಲ್ಲಿ ಕೂತವರು ಇನ್ನೂ ಇದ್ದರೆ ಅವರ ಹತ್ತಿರ ಕುಳಿತು, ಈ ಗುರುತು ಏನು, ಈ ಅಳತೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಕಲಸೆ, ಪಾವು, ರಾತಲು ಎಂಬ ಪದಗಳ ಅರ್ಥ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಬಾಕಿ ಇಡಬೇಡಿ.